ಕೋಲಾರದ ಗಣಿಯಲ್ಲಿ ಕಾದವರು

ಜುಲೈ ತಿಂಗಳಲ್ಲಿ ಬೆಳಗಾವಿಗೆ ಹಿಡಿಯುವ ಮಳೆಯನ್ನು ಕಂಡವರೇ ಬಲ್ಲರು. ಟಿಳಕವಾಡಿಯ ರೈಲ್ವೆ ಗೇಟುಗಳ ಬಳಿ ಸೈಕಲ್ಲು, ಸ್ಕೂಟರು, ರಿಕ್ಷಾಗಳು ಒದ್ದೆಯಾಗಿ ನಿಂತಿರುತ್ತವೆ. ಖಾನಾಪುರದ ಕಡೆಯಿಂದ ಬರುವ ಮಕ್ಕಳು ಅರ್ಧದಷ್ಟು ಬಂದಿರುವುದಿಲ್ಲ. ಬಂದವರ ಚೀಲ, ಪುಸ್ತಕ, ಕಾಲುಚೀಲ ಎಲ್ಲವೂ ತೊಯ್ದಿರುತ್ತವೆ. ಅಂಥ ದಿನ ನಾನು ಪಾಠ ಮುಂದುವರಿಸುವುದಿಲ್ಲ. ಇದ್ದ ಮಕ್ಕಳನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿಕೊಂಡು ಏನಾದರೊಂದು ವಿಜ್ಞಾನದ ಕಥೆ ಹೇಳುತ್ತೇನೆ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಕಲಿಸಿದ್ದರಲ್ಲಿ ಮಕ್ಕಳ ನೆನಪಿನಲ್ಲಿ ಉಳಿದಿರುವುದು ಬಹುಶಃ ಈ ಮಳೆಗಾಲದ ಪಾಠಗಳೇ ಇರಬೇಕು.

ಅಂಥದೊಂದು ದಿನ ಹತ್ತನೆಯ ತರಗತಿಯಲ್ಲಿ ಕೆಜಿಎಫ್ ಕಥೆ ಹೇಳಲು ಹೊರಟೆ. ಹೆಸರು ಕೇಳುತ್ತಲೇ ಹುಡುಗರು ಸಿಳ್ಳೆ ಹಾಕಿದರು. ಅವರಿಗೆ ಗೊತ್ತಿದ್ದುದು 2018ರಲ್ಲಿ ಬಂದ ಸಿನಿಮಾ. ನಾನು ಹೇಳಹೊರಟಿದ್ದು ಅದೇ ಊರಿನ ನಿಜವಾದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಬಂಗಾರಕ್ಕಲ್ಲದೆ ಬೇರೊಂದಕ್ಕಾಗಿ ವರ್ಷಗಟ್ಟಲೆ ಕಾದು ಕುಳಿತವರ ಕಥೆ. ಅವರು ಕಾದದ್ದು ಒಂದು ಪ್ರೋಟಾನ್ ಸಾಯುವುದನ್ನು ನೋಡುವುದಕ್ಕಾಗಿ. ಅದು ಅವರಿಗೆ ಖಚಿತವಾಗಿ ಸಿಗಲಿಲ್ಲ. ಜಗತ್ತಿನಲ್ಲಿ ಇನ್ನೂ ಯಾರಿಗೂ ಸಿಕ್ಕಿಲ್ಲ.

ಕಥೆ ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ಚುರುಕು ಹುಡುಗಿ, ಮಾತು ಕಡಿಮೆ. "ಸರ್, ಇಷ್ಟು ವರ್ಷ ಹುಡುಕಿ ಸಿಗಲಿಲ್ಲಂದ್ರ ಅವ್ರು ಫೇಲ್ ಆದಂಗ ಅಲ್ರೀ?" ಎಂದು ಕೇಳಿದಳು.

"ಅಲ್ಲ" ಎಂದೆ. ಆದರೆ ಯಾಕೆ ಅಲ್ಲ ಎಂದು ಹೇಳುವಷ್ಟರಲ್ಲಿ ಗಂಟೆ ಬಾರಿಸಿತು. ನಿಜ ಹೇಳಬೇಕೆಂದರೆ ಗಂಟೆ ಬಾರಿಸಿದ್ದು ಒಳ್ಳೆಯದೇ ಆಯಿತು. ಆ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಾನು ನನ್ನದೇ ಒಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕಾಗಿತ್ತು. ಅದನ್ನು ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಸೇರಿಸಿಯೇ ಹೇಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೋಲಾರದ ಕಥೆ.

ನಮ್ಮ ಸುತ್ತಲಿರುವ ಎಲ್ಲ ವಸ್ತುಗಳೂ ಪರಮಾಣುಗಳಿಂದ ಆಗಿವೆ. ಪರಮಾಣುವಿನ ನಡುವಿನ ಬೀಜಕೇಂದ್ರದಲ್ಲಿ ಪ್ರೋಟಾನ್, ನ್ಯೂಟ್ರಾನ್‌ಗಳಿವೆ. ಇಷ್ಟನ್ನು ಎಂಟನೆಯ ತರಗತಿಯ ಮಕ್ಕಳೂ ಬಲ್ಲರು. ಬೀಜಕೇಂದ್ರದಿಂದ ಹೊರಗೆ ತೆಗೆದಿಟ್ಟ ನ್ಯೂಟ್ರಾನ್ ಸರಾಸರಿ ಹದಿನೈದು ನಿಮಿಷಗಳಲ್ಲಿ ಒಡೆದುಹೋಗುತ್ತದೆ. ಆದರೆ ಪ್ರೋಟಾನ್ ಒಡೆದದ್ದನ್ನು ಯಾರೂ ಕಂಡಿರಲಿಲ್ಲ. ಅದು ಚಿರಂಜೀವಿ ಎಂದೇ ನಂಬಿಕೆಯಿತ್ತು.

1973–74ರಲ್ಲಿ ಈ ನಂಬಿಕೆ ಅಲುಗಾಡಿತು. ಒಡಿಶಾದಲ್ಲಿ ಹುಟ್ಟಿದ ಜೋಗೇಶ್ ಪತಿ ಮತ್ತು ಪಾಕಿಸ್ತಾನದ ಅಬ್ದುಸ್ ಸಲಾಂ ಜೊತೆಗೂಡಿ, ಅಮೆರಿಕದ ಹೊವಾರ್ಡ್ ಜಾರ್ಜಿ ಮತ್ತು ಶೆಲ್ಡನ್ ಗ್ಲಾಶೋ ಬೇರೆಯಾಗಿ, ಪ್ರಕೃತಿಯ ಬೇರೆ ಬೇರೆ ಬಲಗಳನ್ನು ಒಂದೇ ಸೂತ್ರದಲ್ಲಿ ಪೋಣಿಸುವ ಸಿದ್ಧಾಂತಗಳನ್ನು ಮುಂದಿಟ್ಟರು. ಈ ಸಿದ್ಧಾಂತಗಳ ಪ್ರಕಾರ ಪ್ರೋಟಾನ್ ಕೂಡ ಅಮರವಲ್ಲ. ಎಂದಾದರೊಂದು ದಿನ ಅದೂ ಒಡೆಯಬೇಕು. ಜಾರ್ಜಿ–ಗ್ಲಾಶೋ ಲೆಕ್ಕದಂತೆ ಅದರ ಆಯುಸ್ಸು ಹೆಚ್ಚುಕಡಿಮೆ ಒಂದರ ಮುಂದೆ 30 ಅಥವಾ 31 ಸೊನ್ನೆ ಹಾಕಿದಷ್ಟು ವರ್ಷ. ನಮ್ಮ ವಿಶ್ವಕ್ಕೆ ಈಗ ಆಗಿರುವ ವಯಸ್ಸು ಸುಮಾರು 1380 ಕೋಟಿ ವರ್ಷ. ಅಂದರೆ ಒಂದರ ಮುಂದೆ ಬರೀ ಹತ್ತು ಸೊನ್ನೆ!

"ಅಷ್ಟು ವರ್ಷ ಯಾರು ಕಾಯೋರ್ರಿ ಸರ್?" ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ಸರಿಯಾದ ಪ್ರಶ್ನೆಯೇ. ಇದಕ್ಕೆ ಉತ್ತರ ಖಾನಾಪುರದ ಕಡೆಯ ಮಕ್ಕಳಿಗೆ ಬೇಗ ತಿಳಿಯುತ್ತದೆ. ಒಂದು ಮಾವಿನ ಮರದ ಕೆಳಗೆ ಕುಳಿತರೆ ಹಣ್ಣು ಬೀಳುವುದನ್ನು ನೋಡಲು ನೂರು ದಿನ ಕಾಯಬೇಕಾಗುತ್ತದೆ ಎಂದಿಟ್ಟುಕೊಳ್ಳಿ. ನೂರು ಮರಗಳ ತೋಪಿನಲ್ಲಿ ಕುಳಿತರೆ ಒಂದೇ ದಿನ ಸಾಕು. ಯಾವ ಮರದ ಹಣ್ಣು ಬೀಳುತ್ತದೆ ಎಂದು ಹೇಳಲಾಗದು. ಒಂದಾದರೂ ಬೀಳುತ್ತದೆ ಎಂದು ಹೇಳಬಹುದು. ಪ್ರೋಟಾನ್ ವಿಷಯವೂ ಹಾಗೆಯೇ. ಒಂದು ಗ್ರಾಂ ವಸ್ತುವಿನಲ್ಲಿ ಪ್ರೋಟಾನ್, ನ್ಯೂಟ್ರಾನ್ ಸೇರಿ ಆರರ ಮುಂದೆ 23 ಸೊನ್ನೆಯಷ್ಟು ಕಣಗಳಿವೆ. ನೂರಾರು ಟನ್ ಕಬ್ಬಿಣವನ್ನು ಒಟ್ಟುಗೂಡಿಸಿ ಕಾಯುತ್ತ ಕುಳಿತರೆ, ಸಿದ್ಧಾಂತ ನಿಜವಾಗಿದ್ದರೆ ವರ್ಷಕ್ಕೆ ಕೆಲವಾದರೂ ಒಡೆಯಲೇಬೇಕು.

ಇಲ್ಲೊಂದು ಸ್ವಾರಸ್ಯವಿದೆ. ಪ್ರೋಟಾನ್ ತೀರಾ ಅಲ್ಪಾಯುಷಿಯಲ್ಲ ಎಂಬುದಕ್ಕೆ ಯಾವ ಉಪಕರಣವೂ ಬೇಡ, ನಮ್ಮ ದೇಹವೇ ಸಾಕ್ಷಿ ಎಂದು ಮಾರಿಸ್ ಗೋಲ್ಡ್‌ಹೇಬರ್ ಎಂಬ ವಿಜ್ಞಾನಿ ತೋರಿಸಿಕೊಟ್ಟಿದ್ದರು. ಪ್ರೋಟಾನಿನ ಆಯುಸ್ಸು ಒಂದರ ಮುಂದೆ 16 ಸೊನ್ನೆಯಷ್ಟು ವರ್ಷ ಮಾತ್ರ ಆಗಿದ್ದರೆ, 50 ಕಿಲೋ ತೂಕದ ಒಬ್ಬ ಮನುಷ್ಯನ ಮೈಯಲ್ಲಿ ಸೆಕೆಂಡಿಗೆ ಸುಮಾರು ಒಂದು ಲಕ್ಷ ಕಣಗಳು ಒಡೆಯುತ್ತಿದ್ದವು. ಆ ವಿಕಿರಣವೇ ನಮ್ಮ ಪ್ರಾಣಕ್ಕೆ ಮುಳುವಾಗುತ್ತಿತ್ತು. ನಾವು ಬದುಕಿದ್ದೇವೆ, ಆದ್ದರಿಂದ ಪ್ರೋಟಾನ್ ಅದಕ್ಕಿಂತ ಹೆಚ್ಚು ಬಾಳುತ್ತದೆ. ಮಕ್ಕಳಿಗೆ ಈ ಲೆಕ್ಕವನ್ನು ಮನೆಯಲ್ಲಿ ತಾವೇ ಮಾಡಿ ನೋಡಲು ಹೇಳಿದ್ದೇನೆ. ಪಾಲಕರೂ ಮಾಡಿ ನೋಡಬಹುದು.

ಸರಿ, ಕಬ್ಬಿಣವನ್ನು ಒಟ್ಟುಗೂಡಿಸಿ ಕಾಯುವುದಕ್ಕೆ ಎರಡು ಕಿಲೋಮೀಟರ್ ಕೆಳಗೇಕೆ ಇಳಿಯಬೇಕು? ನಮ್ಮ ಮೇಲೆ ಹಗಲು ರಾತ್ರಿ ಎನ್ನದೆ ಕಾಣದ ಮಳೆಯೊಂದು ಸುರಿಯುತ್ತಿದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದು ಮ್ಯೂಯಾನ್ ಎಂಬ ಕಣಗಳನ್ನು ಹುಟ್ಟಿಸುತ್ತವೆ. ನೀವು ಅಂಗೈ ಚಾಚಿದರೆ ಸೆಕೆಂಡಿಗೆ ಒಂದರಂತೆ ಅವು ಕೈಯನ್ನು ತೂರಿಕೊಂಡು ಹೋಗುತ್ತಿರುತ್ತವೆ. ಜಾತ್ರೆಯ ಗದ್ದಲದಲ್ಲಿ ಸೂಜಿ ಬಿದ್ದ ಸದ್ದು ಕೇಳುವುದು ಸಾಧ್ಯವೇ? ಆ ಗದ್ದಲ ಕಡಿಮೆಯಾಗಬೇಕಾದರೆ ತಲೆಯ ಮೇಲೆ ಕಿಲೋಮೀಟರುಗಟ್ಟಲೆ ಬಂಡೆ ಇರಬೇಕು. ಅಂಥ ಜಾಗ ಭಾರತದಲ್ಲಿದ್ದದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದಿತ್ತು.

ಈ ಸಂಶೋಧನೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1951ರಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಬ್ಬ ತರುಣ ಉಪಕರಣಗಳನ್ನು ಹೊತ್ತು ಈ ಗಣಿಗೆ ಇಳಿದರು. ಅವರೇ ಬಿ. ವಿ. ಶ್ರೀಕಂಠನ್. ಮೈಸೂರಿನ ಬಳಿಯ ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದವರು. ಮುಂದೆ 1975ರಿಂದ 1987ರವರೆಗೆ ಅದೇ ಸಂಸ್ಥೆಯ ನಿರ್ದೇಶಕರಾಗಿದ್ದರು, 2019ರಲ್ಲಿ ತೀರಿಕೊಂಡರು. ಅವರಿಗಿಂತ ಮೊದಲು ನಿರ್ದೇಶಕರಾಗಿದ್ದ, ಈ ಪ್ರಯೋಗಗಳ ಮುಂದಾಳು ಎಂ. ಜಿ. ಕೆ. ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ.

1960ರ ದಶಕದ ಆರಂಭದಲ್ಲಿ ಜಪಾನಿನ ಸಬುರೊ ಮಿಯಾಕೆ, ನಮ್ಮವರಾದ ವಿ. ಎಸ್. ನರಸಿಂಹಂ, ಪಿ. ವಿ. ರಮಣಮೂರ್ತಿ ಗಣಿಯ ಬೇರೆ ಬೇರೆ ಆಳಗಳಲ್ಲಿ ಮ್ಯೂಯಾನುಗಳನ್ನು ಎಣಿಸುತ್ತ ಕೆಳಗಿಳಿದರು. ಇಳಿದಂತೆಲ್ಲ ಎಣಿಕೆ ಕಡಿಮೆಯಾಗುತ್ತ ಹೋಯಿತು. ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಒಂದೂ ಕಾಣಲಿಲ್ಲ. ಸೊನ್ನೆ!

ಮಕ್ಕಳೇ, ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ಉತ್ತರಪತ್ರಿಕೆಯಲ್ಲಿ ಸೊನ್ನೆ ಬಂದರೆ ಮನೆಯಲ್ಲಿ ಏನಾಗುತ್ತದೆಂದು ನನಗೆ ಗೊತ್ತು. ಆದರೆ ಆ ವಿಜ್ಞಾನಿಗಳ ಪಾಲಿಗೆ ಆ ಸೊನ್ನೆಯೇ ಬಂಗಾರವಾಯಿತು. ಮ್ಯೂಯಾನುಗಳ ಗದ್ದಲವೇ ಇಲ್ಲದ ಜಾಗ ಸಿಕ್ಕಿತು ಎಂದಾದರೆ, ಭೂಮಿಯನ್ನೇ ತೂರಿ ಹೋಗಬಲ್ಲ, ಯಾರ ಕೈಗೂ ಸುಲಭವಾಗಿ ಸಿಕ್ಕದ ನ್ಯೂಟ್ರಿನೊ ಎಂಬ ಕಣವನ್ನು ಅಲ್ಲಿ ಹಿಡಿಯಬಹುದು ಎಂದು ಅವರಿಗೆ ಹೊಳೆಯಿತು. ಟಾಟಾ ಸಂಸ್ಥೆ, ಇಂಗ್ಲೆಂಡಿನ ಡರಹಂ ವಿಶ್ವವಿದ್ಯಾಲಯ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮೂರೂ ಸೇರಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ನಿಲ್ಲಿಸಿದವು. 1965ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಜಗತ್ತಿನಲ್ಲೇ ಮೊದಲ ಬಾರಿಗೆ ಅಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ ಹುಡುಕುತ್ತಿದ್ದ ಫ್ರೆಡರಿಕ್ ರೈನ್ಸ್ ಅವರ ತಂಡದ ಫಲಿತಾಂಶ ಅಚ್ಚಾದದ್ದು ಅದಾದ ಮೇಲೆ, ಕೆಲವೇ ದಿನಗಳ ಅಂತರದಲ್ಲಿ.

ಪ್ರೋಟಾನ್ ಕ್ಷಯದ ಹುಡುಕಾಟ ಶುರುವಾದದ್ದು 1980ರಲ್ಲಿ, ಅದೇ 2.3 ಕಿಲೋಮೀಟರ್ ಆಳದಲ್ಲಿ. ಇದಕ್ಕೆಂದೇ ಕಟ್ಟಿದ ದೊಡ್ಡ ಉಪಕರಣಗಳಲ್ಲಿ ಜಗತ್ತಿನಲ್ಲೇ ಮೊದಲನೆಯ ಸಾಲಿಗೆ ಸೇರಿದ್ದು ಅದು. ಒಟ್ಟು 140 ಟನ್ ತೂಕ. ಕಬ್ಬಿಣದ ತಗಡುಗಳ ನಡುವೆ ಅನಿಲ ತುಂಬಿದ ಉದ್ದನೆಯ ಕೊಳವೆಗಳ ಮೂವತ್ತಕ್ಕೂ ಹೆಚ್ಚು ಪದರಗಳು. ಒಂದು ಪದರ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಬೆಳಗಾವಿಯ ಮಗ್ಗಗಳಲ್ಲಿ ಹಾಸು ಹೊಕ್ಕು ಇರುತ್ತದಲ್ಲ, ಹಾಗೆ. ವಿದ್ಯುದಂಶವಿರುವ ಕಣ ಕೊಳವೆಯನ್ನು ಹಾದು ಹೋದರೆ ಅನಿಲದಲ್ಲಿ ಸಣ್ಣದೊಂದು ವಿದ್ಯುತ್ ಮಿಡಿತ ಏಳುತ್ತದೆ. ಯಾವ ಯಾವ ಕೊಳವೆ ಮಿಡಿಯಿತು ಎಂದು ಗುರುತು ಹಾಕಿಕೊಂಡರೆ ಕಣ ಸಾಗಿದ ದಾರಿ ಕಾಣುತ್ತದೆ. ಪ್ರೋಟಾನ್ ಒಡೆದರೆ ಅದು ಸಾಮಾನ್ಯವಾಗಿ ಒಂದು ಪಾಸಿಟ್ರಾನ್, ಒಂದು ಪಯಾನ್ ಆಗಬೇಕು. ಎರಡೂ ಒಂದೇ ಬಿಂದುವಿನಿಂದ ಹೊರಟು ಎದುರು ಬದುರು ದಿಕ್ಕಿಗೆ ಹಾರಬೇಕು. ಎಲ್ಲದರ ಶಕ್ತಿ ಕೂಡಿಸಿದರೆ ಪ್ರೋಟಾನಿನ ದ್ರವ್ಯರಾಶಿಗೆ ಸರಿಹೊಂದಬೇಕು. ಹೊರಗಿನಿಂದ ಏನೂ ಒಳಬಂದ ಗುರುತಿರಕೂಡದು. ಇಷ್ಟೂ ಕೂಡಿ ಬಂದರೆ ಮಾತ್ರ ಲೆಕ್ಕಕ್ಕೆ.

ಅಲ್ಲಿ ಕೆಲಸ ಮಾಡುವುದೆಂದರೆ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತಂತಲ್ಲ. ಗಣಿ ಕಾರ್ಮಿಕರ ಜೊತೆ ಪಂಜರದಂಥ ಲಿಫ್ಟಿನಲ್ಲಿ ಇಳಿಯಬೇಕು. ಆಳಕ್ಕೆ ಹೋದಂತೆ ಬಂಡೆಯೇ ಬಿಸಿ. ಒತ್ತಡ ತಾಳಲಾರದೆ ಬಂಡೆ ಸಿಡಿಯುವ ಭಯ ಬೇರೆ. ಇಷ್ಟಾದರೂ ಆ ಉಪಕರಣದಲ್ಲಿ ದಿನಕ್ಕೆ ಕಾಣುತ್ತಿದ್ದದ್ದು ಬೆರಳೆಣಿಕೆಯ ಮ್ಯೂಯಾನುಗಳು ಮಾತ್ರ. ಮಿಕ್ಕ ಹೊತ್ತೆಲ್ಲ ಮೌನ.

1981ರಲ್ಲಿ ಆ ತಂಡ ಪ್ರೋಟಾನ್ ಕ್ಷಯವಿರಬಹುದು ಎನ್ನಿಸುವ ಕೆಲವು ಘಟನೆಗಳನ್ನು ಪ್ರಕಟಿಸಿತು. ಜಗತ್ತು ಕಿವಿ ನಿಮಿರಿಸಿತು. ಅವರು ಬಳಸಿದ ಮಾತನ್ನು ಗಮನಿಸಬೇಕು. ಅವನ್ನು ಅವರು 'ಕ್ಯಾಂಡಿಡೇಟ್' ಎಂದು ಕರೆದರು, ಅಂದರೆ ಅಭ್ಯರ್ಥಿಗಳು. ಹಾಲ್ ಟಿಕೆಟ್ ಹಿಡಿದು ಪರೀಕ್ಷೆಗೆ ಕುಳಿತವನನ್ನು ನಾವು ಅಭ್ಯರ್ಥಿ ಎನ್ನುತ್ತೇವೆ, ಪಾಸಾದನೆಂದು ಹೇಳುವುದಿಲ್ಲ. ಯಾಕೆಂದರೆ ಎಷ್ಟೇ ಆಳಕ್ಕೆ ಹೋದರೂ ನ್ಯೂಟ್ರಿನೊಗಳನ್ನು ತಡೆಯಲಾಗದು. ಅಪರೂಪಕ್ಕೆ ಒಂದು ನ್ಯೂಟ್ರಿನೊ ಕಬ್ಬಿಣದೊಳಗೆ ಡಿಕ್ಕಿ ಹೊಡೆದರೆ ಅದೂ ಪ್ರೋಟಾನ್ ಒಡೆದಂತೆಯೇ ಕಾಣಬಹುದು.

ಮುಂದಿನ ಪರೀಕ್ಷೆಯನ್ನು ಬೇರೆಯವರು ನಡೆಸಿದರು. ಅಮೆರಿಕದ ಓಹಾಯೋದ ಉಪ್ಪಿನ ಗಣಿಯೊಂದರಲ್ಲಿ ಸಾವಿರಾರು ಟನ್ ನೀರಿನ ತೊಟ್ಟಿ 1982ರಲ್ಲಿ ಕೆಲಸ ಶುರು ಮಾಡಿತು. 1983ರಲ್ಲಿ ಜಪಾನಿನ ಕಮಿಯೊಕಾ ಗಣಿಯಲ್ಲಿ 3000 ಟನ್ನಿನ ತೊಟ್ಟಿ ಬಂತು. ಅಷ್ಟು ದೊಡ್ಡ ತೋಪಿನಲ್ಲಿ ಕಾದರೂ ಪಾಸಿಟ್ರಾನ್–ಪಯಾನ್ ಜೋಡಿಯ ಹಣ್ಣು ಉದುರಲಿಲ್ಲ. ಕೋಲಾರದವರೂ ಕೈಚೆಲ್ಲಲಿಲ್ಲ, 1985ರಲ್ಲಿ ಎರಡು ಕಿಲೋಮೀಟರ್ ಆಳದಲ್ಲಿ 260 ಟನ್ನಿನ ಎರಡನೆಯ ಉಪಕರಣ ಕಟ್ಟಿದರು. ಆದರೆ ಆ ಅಭ್ಯರ್ಥಿಗಳು ಪಾಸಾಗಲಿಲ್ಲ. ಜಾರ್ಜಿ–ಗ್ಲಾಶೋ ಹೇಳಿದ ಸರಳ ರೂಪದ ಸಿದ್ಧಾಂತ ಬಿದ್ದುಹೋಯಿತು. ಚಿನ್ನ ಕಡಿಮೆಯಾಗಿ ಗಣಿಗಳು ನಷ್ಟದಲ್ಲಿ ಮುಳುಗತೊಡಗಿದ್ದವು. 1990ರ ದಶಕದ ಆರಂಭದಲ್ಲಿ ಪ್ರಯೋಗ ನಿಂತಿತು. 2001ರ ಫೆಬ್ರುವರಿ 28ರಂದು ಗಣಿಯೇ ಮುಚ್ಚಿತು.

ಇಲ್ಲಿಯವರೆಗಿನದು ಮಕ್ಕಳಿಗೆ ನಾನು ಹೇಳಿದ ಕಥೆ. ಇನ್ನು ಹೇಳದೆ ಉಳಿಸಿಕೊಂಡದ್ದು.

2003ರ ಸುಮಾರಿನ ಮಾತು. ಶಾಲೆಗೆ ತಪಾಸಣೆ ಬರುವುದಿತ್ತು. ಮಕ್ಕಳ ಪ್ರಯೋಗದ ವಹಿಗಳೆಲ್ಲ ಪೂರ್ತಿಯಾಗಬೇಕು, ಸಹಿಯಾಗಬೇಕು. ಪೀನ ಮಸೂರದ ಸಂಗಮದೂರ ಕಂಡುಹಿಡಿಯುವ ಪ್ರಯೋಗ ನಡೆದಿತ್ತು. ಕಿಟಕಿಯಾಚೆಯ ಮರದ ಬಿಂಬವನ್ನು ಬಿಳಿ ಹಾಳೆಯ ಮೇಲೆ ತಲೆಕೆಳಗಾಗಿ ಮೂಡಿಸಿ, ಮಸೂರಕ್ಕೂ ಹಾಳೆಗೂ ನಡುವಿನ ದೂರ ಅಳೆಯುವುದು. ಇದಕ್ಕಿಂತ ಸುಲಭದ ಪ್ರಯೋಗ ಇನ್ನೊಂದಿಲ್ಲ. ಪ್ರತಿ ಮಸೂರದ ಪೆಟ್ಟಿಗೆಯ ಮೇಲೂ 10 ಸೆಂ.ಮೀ. ಎಂದು ಚೀಟಿ ಅಂಟಿಸಿತ್ತು. ಎಲ್ಲರಿಗೂ 9.8, 10.1, 10 ಹೀಗೆ ಬರುತ್ತಿತ್ತು.

ಖಾನಾಪುರದಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಒಬ್ಬ ಹುಡುಗ ಮಾತ್ರ ವಹಿ ಹಿಡಿದು ನನ್ನ ಮುಂದೆ ನಿಂತ. ಐದು ಸಲದ ಅಳತೆ ಬರೆದಿದ್ದ: 12.4, 12.5, 12.6, 12.5, 12.5.

"ಸರ್ರ, ನಂದು ಹನ್ನೆರಡೂವರಿ ಬರಾಕತ್ತೈತ್ರಿ."

"ಪೆಟ್ಟಿಗಿ ಮ್ಯಾಲ ಹತ್ತಂತ ಬರ್ದದ, ಕಾಣೂದಿಲ್ಲೇನು?"

"ಕಂಡೈತ್ರಿ. ಆದ್ರ ಐದ ಸಲ ಅಳದೇನ್ರಿ."

ನನಗೆ ರೇಗಿತು. ಇನ್ನೂ ನಲವತ್ತು ವಹಿಗಳು ಬಾಕಿಯಿದ್ದವು. "ಮರ ಸಮೀಪ ಐತಿ, ಅದಕ್ಕ ಹಂಗ ಬಂದಿರ್ತದ. ಹೋಗು, ತಿದ್ದಿಕೊಂಡು ಬಾ" ಎಂದು ಗದರಿದೆ. ಅವನು ಸ್ವಲ್ಪ ಹೊತ್ತು ನಿಂತ. ಆಮೇಲೆ ಹೋಗಿ ರಬ್ಬರಿನಿಂದ ಅಳಿಸಿ 9.9, 10, 10.1, 10, 10 ಎಂದು ಬರೆದುಕೊಂಡು ಬಂದ. ನಾನು ಸಹಿ ಹಾಕಿದೆ. ಅಚ್ಚುಕಟ್ಟಾಗಿದೆ ಎಂದೂ ಬರೆದೆ! ತಪಾಸಣೆ ಸುಸೂತ್ರವಾಗಿ ಮುಗಿಯಿತು.

2020ರಲ್ಲಿ ಲಾಕ್‌ಡೌನ್ ಬಂದು ಶಾಲೆಗಳು ಬಿಕೋ ಎನ್ನುತ್ತಿದ್ದಾಗ, ಮಕ್ಕಳಿಲ್ಲದ ಪ್ರಯೋಗಾಲಯದ ಕಪಾಟುಗಳನ್ನು ಸ್ವಚ್ಛ ಮಾಡಲು ಕುಳಿತೆ. ಒಂದು ಮಸೂರದ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಭಾಗದಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದದ್ದು ಕಾಣಿಸಿತು: 12.5, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಹದಿನೇಳು ವರ್ಷದ ಹಿಂದಿನ ಆ ಮುಖ ಕಣ್ಣೆದುರು ಬಂತು. ಮಸೂರವನ್ನು ಕಿಟಕಿಯ ಬಳಿ ಒಯ್ದು ಅಳೆದೆ. ಹನ್ನೆರಡೂವರೆ. ಮತ್ತೆ ಅಳೆದೆ. ಹನ್ನೆರಡೂವರೆ. ಪೆಟ್ಟಿಗೆಗೆ ಬೇರೆ ಮಸೂರ ಬಂದು ಸೇರಿತ್ತು, ಅಷ್ಟೇ.

ಆಗ ಕಾಗದ ತೆಗೆದುಕೊಂಡು, ನಾನು ಅವತ್ತು ಕೊಟ್ಟ ಕಾರಣವನ್ನು ಲೆಕ್ಕ ಹಾಕಿ ನೋಡಿದೆ. ಸಂಗಮದೂರ 10 ಸೆಂ.ಮೀ. ಇರುವ ಮಸೂರದಲ್ಲಿ ಬಿಂಬ 12.5 ಸೆಂ.ಮೀ.ಗೆ ಮೂಡಬೇಕಾದರೆ ವಸ್ತು ಎಷ್ಟು ದೂರದಲ್ಲಿರಬೇಕು? ಎರಡು ಸಾಲಿನ ಲೆಕ್ಕ. ನಾನೇ ವರ್ಷವರ್ಷವೂ ಹಲಗೆಯ ಮೇಲೆ ಬಿಡಿಸುವುದು. ಉತ್ತರ: 50 ಸೆಂ.ಮೀ. ಕಿಟಕಿಯಾಚೆಯ ಮರ ನಮ್ಮಿಂದ ಅರ್ಧ ಮೀಟರ್ ದೂರದಲ್ಲಿರಲಿಲ್ಲ! ಬಿಎಸ್‌ಸಿ, ಬಿಎಡ್ ಎಂದು ಹೆಸರಿನ ಮುಂದೆ ಬರೆದುಕೊಳ್ಳುವ ನಾನು ಆ ಎರಡು ಸಾಲು ಬರೆಯದೆ, ಐದು ಸಲ ಅಳೆದು ಬಂದ ಹುಡುಗನ ಕೈಯಲ್ಲಿ ಸುಳ್ಳು ಬರೆಸಿದ್ದೆ.

ಅದಾದ ಎರಡು ವರ್ಷಕ್ಕೆ ಒಂದು ಮದುವೆಗೆಂದು ಖಾನಾಪುರಕ್ಕೆ ಹೋಗಿದ್ದಾಗ ವಿಚಾರಿಸಿಕೊಂಡು ಅವನ ಅಂಗಡಿಗೆ ಹೋದೆ. ಈಗ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುತ್ತಾನೆ. ಕಂಡವನೇ ಕೈ ಒರೆಸಿಕೊಂಡು ಕಾಲಿಗೆ ಬಿದ್ದ, ಕುರ್ಚಿ ಹಾಕಿದ, ಚಹಾ ತರಿಸಿದ. ನಾನು ಮಸೂರದ ವಿಷಯ ಹೇಳಿ, "ಅವತ್ತು ನಿಂದ ಖರೇ ಇತ್ತು, ತಪ್ಪು ನಂದು" ಎಂದೆ.

"ಅದೇನ್ ದೊಡ್ಡ ಮಾತ ಬಿಡ್ರಿ ಸರ್ರ" ಎಂದು ನಕ್ಕ. ಸ್ವಲ್ಪ ಹೊತ್ತಿನ ಮೇಲೆ ಚಹಾದ ಲೋಟ ನೋಡುತ್ತ, "ಆದ್ರ ಅವತ್ತಿನಿಂದ ನಾ ಮೊದಲ ಪುಸ್ತಕದ ಹಿಂದಿನ ಉತ್ತರ ನೋಡಿ ಆಮ್ಯಾಲ ಲೆಕ್ಕ ಮಾಡೂದ ಕಲ್ತೆ ನೋಡ್ರಿ" ಎಂದ.

ನನಗೆ ಮಾತು ಹೊರಡಲಿಲ್ಲ. ನನ್ನ ಮುಖ ನೋಡಿ ಅವನೇ ಸಮಾಧಾನ ಹೇಳಿದ: "ಈಗ ಹಂಗಿಲ್ರಿ. ಮೋಟಾರಿನ ಪ್ಲೇಟ್ ಮ್ಯಾಲ ಏನರ ಬರ್ದಿರ್ಲಿ, ನಾ ಮೀಟರ್ ಹಚ್ಚಿ ನೋಡಾಂವ."

ಮದುವೆ ಊಟ ಅವತ್ತು ನನಗೆ ರುಚಿಸಲಿಲ್ಲ. ರೈಲಿನಲ್ಲಿ ಮರಳುವಾಗ ಕೋಲಾರದವರ ನೆನಪಾಯಿತು. ಪ್ರೋಟಾನ್ ಎಂಬ ಪೆಟ್ಟಿಗೆಯ ಮೇಲೂ ದೊಡ್ಡ ದೊಡ್ಡವರು ಒಂದು ಚೀಟಿ ಅಂಟಿಸಿದ್ದರು: ಆಯುಸ್ಸು ಇಷ್ಟು ವರ್ಷ ಎಂದು. ಆ ಚೀಟಿಗೆ ಹೊಂದುವಂತೆ ಉತ್ತರ ಬರಲಿ ಎಂಬ ಆಸೆ ಯಾರಿಗೆ ಇರುವುದಿಲ್ಲ? ಬಂದಿದ್ದರೆ ನೊಬೆಲ್ ಬಹುಮಾನವೇ ಬರುತ್ತಿತ್ತು. ಆದರೂ ಕೋಲಾರದಲ್ಲಾಗಲಿ, ಓಹಾಯೋದಲ್ಲಾಗಲಿ, ಕಮಿಯೊಕಾದಲ್ಲಾಗಲಿ ಯಾರೂ ರಬ್ಬರು ಹಿಡಿಯಲಿಲ್ಲ. ಕಂಡದ್ದನ್ನು ಕಂಡಂತೆ ಬರೆದರು. ಚೀಟಿಯೇ ತಪ್ಪು ಎಂದು ತಿಳಿದದ್ದು ಅದರಿಂದ.

ಅವರ ಕೈಗೆ ಏನೂ ಸಿಗಲಿಲ್ಲ ಎನ್ನುವುದೂ ಸರಿಯಲ್ಲ. ಕಮಿಯೊಕಾದ ತೊಟ್ಟಿಯನ್ನು ಕಟ್ಟಿದ್ದು ಪ್ರೋಟಾನ್ ಕ್ಷಯಕ್ಕೆಂದು. 1987ರ ಫೆಬ್ರುವರಿ 23ರಂದು, ನಮ್ಮ ನೆರೆಯ ಗೆಲಾಕ್ಸಿಯಲ್ಲಿ ಸಿಡಿದ ನಕ್ಷತ್ರದಿಂದ ಬಂದ ಹನ್ನೊಂದು ನ್ಯೂಟ್ರಿನೊಗಳು ಅದರಲ್ಲಿ ಸಿಕ್ಕಿಬಿದ್ದವು. ಓಹಾಯೋದ ತೊಟ್ಟಿಯಲ್ಲಿ ಎಂಟು. ಕಮಿಯೊಕಾದ ಮಸಾತೊಶಿ ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು. 1996ರಲ್ಲಿ ಅಲ್ಲೇ 50,000 ಟನ್ ನೀರಿನ ಸೂಪರ್ ಕಮಿಯೊಕಾಂಡೆ ಶುರುವಾಯಿತು. ಪ್ರೋಟಾನ್ ಹುಡುಕುವವರಿಗೆ ಕಾಟ ಕೊಡುತ್ತಿದ್ದ ವಾಯುಮಂಡಲದ ನ್ಯೂಟ್ರಿನೊಗಳನ್ನೇ ಅಲ್ಲಿ ಎಣಿಸಿ ನೋಡಿದಾಗ ಅವು ದಾರಿಯಲ್ಲಿ ರೂಪ ಬದಲಿಸುತ್ತವೆ, ಅವಕ್ಕೆ ದ್ರವ್ಯರಾಶಿ ಇದೆ ಎಂದು 1998ರಲ್ಲಿ ತಿಳಿಯಿತು. ಅದಕ್ಕಾಗಿ ತಕಾಕಿ ಕಾಜಿತಾ ಅವರಿಗೆ 2015ರ ನೊಬೆಲ್‌ನಲ್ಲಿ ಪಾಲು ದೊರೆಯಿತು. 1965ರಲ್ಲಿ ಕೋಲಾರದ ಕತ್ತಲೆಯಲ್ಲಿ ಮೊದಲು ಕಂಡವು ಇದೇ ನ್ಯೂಟ್ರಿನೊಗಳು. ಪ್ರೋಟಾನ್ ಮಾತ್ರ ಇಂದಿಗೂ ಒಡೆದಿಲ್ಲ. ಪಾಸಿಟ್ರಾನ್–ಪಯಾನ್ ದಾರಿಯಲ್ಲಿ ಅದರ ಆಯುಸ್ಸು ಒಂದರ ಮುಂದೆ 34 ಸೊನ್ನೆಗಿಂತಲೂ ಹೆಚ್ಚು ವರ್ಷ ಎಂದು ಸೂಪರ್ ಕಮಿಯೊಕಾಂಡೆ ಹೇಳಿದೆ. ಇನ್ನೂ ದೊಡ್ಡ ತೊಟ್ಟಿಯ ಕೆಲಸ 2020ರಲ್ಲಿ ಆರಂಭವಾಯಿತು.

ಅಪರೂಪದ ಕ್ಷಯ ಹುಡುಕಿ ಗೆದ್ದವರೂ ಇದ್ದಾರೆ. ಜಿನೀವಾದ ಬಳಿ ನೆಲದಡಿಯಲ್ಲಿ 27 ಕಿಲೋಮೀಟರ್ ಸುತ್ತಳತೆಯ ಕೊಳವೆಯಲ್ಲಿ ಪ್ರೋಟಾನುಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಆ ಡಿಕ್ಕಿಯಲ್ಲಿ ಹುಟ್ಟುವ ಬಿ-ಎಸ್ ಎಂಬ ಕಣ, ನೂರು ಕೋಟಿಯಲ್ಲಿ ಮೂರು ನಾಲ್ಕು ಸಲ ಮಾತ್ರ, ಎರಡು ಮ್ಯೂಯಾನುಗಳಾಗಿ ಒಡೆಯಬೇಕೆಂದು ಲೆಕ್ಕವಿತ್ತು. ಅದನ್ನು 1980ರ ದಶಕದಿಂದಲೂ ಹುಡುಕುತ್ತಿದ್ದರು. 2012ರಲ್ಲಿ ಮೊದಲ ಸುಳಿವು ಸಿಕ್ಕಿತು. ಆಮೇಲೆ ಎರಡು ತಂಡಗಳು ತಮ್ಮ ಅಂಕಿಗಳನ್ನು ಒಟ್ಟುಗೂಡಿಸಿ 2015ರಲ್ಲಿ ಅದನ್ನು ದೃಢಪಡಿಸಿದವು. ಅವುಗಳಲ್ಲೊಂದಾದ ಸಿಎಂಎಸ್‌ನಲ್ಲಿ ನಮ್ಮ ಟಾಟಾ ಸಂಸ್ಥೆಯವರೂ ಇದ್ದಾರೆ. ಅವರ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಉತ್ತರ ಸಿಗಬಹುದಾದ ಜಾಗದ ಅಂಕಿಗಳನ್ನು ಅವರು ತಮ್ಮಿಂದ ತಾವೇ ಮುಚ್ಚಿಟ್ಟುಕೊಳ್ಳುತ್ತಾರೆ. ಹೇಗೆ ಎಣಿಸಬೇಕು, ಯಾವುದನ್ನು ಬಿಡಬೇಕು ಎಂದು ಎಲ್ಲವೂ ತೀರ್ಮಾನವಾದ ಮೇಲೆಯೇ ತೆರೆದು ನೋಡುವುದು. ಕಾರಣ ಇಷ್ಟೇ: ಬೇಕಾದ ಉತ್ತರ ಕಣ್ಣ ಮುಂದಿದ್ದರೆ ಎಷ್ಟು ಪ್ರಾಮಾಣಿಕನ ಕೈಯೂ ಅತ್ತ ಜಾರುತ್ತದೆ. ಪುಸ್ತಕದ ಹಿಂದಿನ ಪುಟ ನೋಡದೆ ಲೆಕ್ಕ ಮಾಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದೂ ಇದನ್ನೇ ಅಲ್ಲವೇ?

ತಂದೆತಾಯಿಗಳಲ್ಲಿ ಒಂದು ಮಾತು. ಮಗುವಿನ ವಹಿಯಲ್ಲಿ ಎಲ್ಲ ಉತ್ತರಗಳೂ ಪುಸ್ತಕದಲ್ಲಿದ್ದಂತೆಯೇ ಇದ್ದರೆ ಹಿಗ್ಗಬೇಡಿ. ಒಮ್ಮೆ ಪಕ್ಕದಲ್ಲಿ ಕೂರಿಸಿಕೊಂಡು ಹೇಗೆ ಬಂತೆಂದು ಕೇಳಿ. ಬೇರೆ ಬಂದಿದ್ದರೆ ಗದರಬೇಡಿ. ಇನ್ನೊಮ್ಮೆ ಅಳೆಯಲು ಹೇಳಿ. ಎಷ್ಟೋ ಸಲ ಮಗುವಿನದೇ ತಪ್ಪಿರುತ್ತದೆ. ಆದರೆ ಒಮ್ಮೊಮ್ಮೆ ಚೀಟಿಯೇ ತಪ್ಪಿರುತ್ತದೆ.

ಆ ಮಸೂರದ ಪೆಟ್ಟಿಗೆಯ ಚೀಟಿಯನ್ನು ನಾನು ಬದಲಿಸಿಲ್ಲ. 10 ಎಂದೇ ಇದೆ. ಪ್ರತಿ ವರ್ಷ ಯಾರಿಗಾದರೂ ಸುಮ್ಮನೆ ಕೊಡುತ್ತೇನೆ. ಹೆಚ್ಚಿನ ಮಕ್ಕಳು ಹತ್ತು ಎಂದೇ ಬರೆದು ತರುತ್ತಾರೆ. ಅವರಿಗೆ ಮುಚ್ಚಳದ ಒಳಗಿನ ಬರಹ ತೋರಿಸಿ ಕಥೆ ಹೇಳುತ್ತೇನೆ. ಆ ಮಳೆಗಾಲ ಮುಗಿದ ಮೇಲೆ ಅದು, ಫೇಲ್ ಆದಂಗ ಅಲ್ರೀ ಎಂದು ಕೇಳಿದ್ದಳಲ್ಲ, ಆ ಹುಡುಗಿಯ ಕೈಗೆ ಹೋಯಿತು. ಅರ್ಧ ಗಂಟೆಯ ಮೇಲೆ ವಹಿ ಹಿಡಿದು ಬಂದಳು. ಮುಖ ಸಣ್ಣದಾಗಿತ್ತು.

"ಸರ್, ಹತ್ತು ಬರವಲ್ತ್ರಿ. ಹನ್ನೆರಡೂವರಿ ಬರಾಕತ್ತೈತಿ."

"ಇನ್ನೊಮ್ಮೆ ಅಳೆದು ನೋಡವ್ವಾ" ಎಂದೆ.

ಹೋದಳು, ಅಳೆದಳು, ಬಂದಳು. "ಮತ್ತ ಅಷ್ಟ ಬಂತ್ರಿ."

"ಹಂಗಾರ ಹಂಗ ಬರಿ" ಎಂದು ಹೇಳಿ ಪೆನ್ನು ತೆಗೆದು ಸಹಿ ಹಾಕಿದೆ.